ಕಾಂತೀಯ ಪ್ರಚೋದನೆಯ ಜೊತೆಗೊಂದು ಕ್ಷಯದ ಔಷಧ: ಬಾರ್ಡರ್‌ಲೈನ್ ವ್ಯಕ್ತಿತ್ವ ತೊಂದರೆಯಲ್ಲಿ ಜೋಡಿ ಚಿಕಿತ್ಸೆಯ ಪ್ರಕರಣ ಅಧ್ಯಯನ

ಮನೋವೈದ್ಯಕೀಯ ವಿದ್ಯಾರ್ಥಿಗಳು, ಟಿಎಂಎಸ್ (ತಲೆಯ ಹೊರಗಿನಿಂದ ಮಿದುಳಿಗೆ ಕಾಂತೀಯ ಮಿಡಿತ ಕೊಡುವ ಚಿಕಿತ್ಸೆ) ತಂತ್ರಜ್ಞರು ಮತ್ತು ನೈತಿಕ ಸಮಿತಿಯ ಸದಸ್ಯರಿಗಾಗಿ ಕಟ್ಟಿದ ಪ್ರಕರಣ ಇದು. ಕಾಂತೀಯ ಮಿಡಿತಕ್ಕೆ ಡಿ-ಸೈಕ್ಲೋಸೆರಿನ್ ಎಂಬ ಕ್ಷಯದ ಔಷಧ ಜೋಡಿಸಿ, ಬಾರ್ಡರ್‌ಲೈನ್ ವ್ಯಕ್ತಿತ್ವ ತೊಂದರೆಯಲ್ಲಿ (ಬಿಪಿಡಿ) ಪರೀಕ್ಷಿಸುವ ಪ್ರಯೋಗಕ್ಕೆ ಒಬ್ಬಳನ್ನು ಸೇರಿಸುವುದು ಹೇಗೆ ಎಂಬುದು ಇದರ ವಿಷಯ. ಇಲ್ಲಿ ಬರುವ ಯುವತಿ, ಆಕೆಯ ಅಂಕಗಳು, ಆಕೆಯ ದಿನಚರಿ ಎಲ್ಲವೂ ಬೋಧನೆಗೆಂದು ರೂಪಿಸಿದವು. ಅವು ಯಾವ ರೋಗಿಯ ಕಡತದಿಂದಲೂ ಬಂದವಲ್ಲ. ಔಷಧ, ಯಂತ್ರ ಮತ್ತು ಪ್ರಕಟಿತ ಪ್ರಯೋಗಗಳ ವಿವರಗಳು ಮಾತ್ರ ವಾಸ್ತವದವು.

ಪರಿಸ್ಥಿತಿ

ವಯಸ್ಸು 27. ಹದಿಹರೆಯದಿಂದಲೂ ಗಳಿಗೆಗೊಂದು ಮನಸ್ಥಿತಿ, ಹತ್ತಿರದವರು ಬಿಟ್ಟುಹೋಗುತ್ತಾರೆಂಬ ಭಯ, ಒಳಗೆಲ್ಲ ಖಾಲಿ ಎಂಬ ಭಾವ, ಸಿಟ್ಟು ಬಂದಾಗ ತನ್ನನ್ನೇ ನೋಯಿಸಿಕೊಳ್ಳುವುದು. ರಚನಾತ್ಮಕ ಸಂದರ್ಶನದಲ್ಲಿ ಡಿಎಸ್‌ಎಂ-5ರ (ಮಾನಸಿಕ ಕಾಯಿಲೆಗಳ ರೋಗನಿರ್ಣಯ ಕೈಪಿಡಿ) ಒಂಬತ್ತು ಬಿಪಿಡಿ ಲಕ್ಷಣಗಳಲ್ಲಿ ಏಳು ಸಿಕ್ಕವು. ರೋಗನಿರ್ಣಯಕ್ಕೆ ಐದು ಸಾಕು. ಜೊತೆಗೆ ಎಂಟು ತಿಂಗಳಿಂದ ಖಿನ್ನತೆ. ಬಿಪಿಡಿಯ ತೀವ್ರತೆ ಅಳೆಯುವ ಝಾನ್-ಬಿಪಿಡಿ ಮಾಪಕದಲ್ಲಿ 36ಕ್ಕೆ 19, ಖಿನ್ನತೆಯ ಮ್ಯಾಡ್ರಸ್ ಮಾಪಕದಲ್ಲಿ 60ಕ್ಕೆ 27.

ಔಷಧಗಳ ಪಟ್ಟಿ ಉದ್ದವಿದೆ. ಎಸ್ಸಿಟಲೊಪ್ರಾಮ್ 15 ಮಿ.ಗ್ರಾಂ., ಲ್ಯಾಮೊಟ್ರಿಜಿನ್ 100 ಮಿ.ಗ್ರಾಂ., ರಾತ್ರಿ ಕ್ವೆಟಿಯಾಪಿನ್ 50 ಮಿ.ಗ್ರಾಂ., ಕ್ಲೊನಾಝೆಪಾಮ್ 0.5 ಮಿ.ಗ್ರಾಂ. ದಿನಕ್ಕೆ ಎರಡು ಸಲ. ಇವುಗಳ ಜೊತೆಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ. ಇಂಥ ಪಟ್ಟಿ ಹೊತ್ತು ಬರುವವರೇ ಹೆಚ್ಚು. ಒಂದೊಂದು ಬಿಕ್ಕಟ್ಟಿನಲ್ಲಿ ಒಂದೊಂದು ಮಾತ್ರೆ ಸೇರುತ್ತದೆ, ಬಿಕ್ಕಟ್ಟು ಕಳೆದ ಮೇಲೆ ಯಾವುದನ್ನೂ ಯಾರೂ ತೆಗೆಯುವುದಿಲ್ಲ.

ಬಿಪಿಡಿಗೆಂದೇ ಮಂಜೂರಾದ ಔಷಧ ಇಂದಿಗೂ ಇಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2009ರ ಮಾರ್ಗಸೂಚಿ, ಈ ತೊಂದರೆಗೆಂದೇ ಔಷಧ ಕೊಡಬೇಡಿ ಎಂದಿತು. ಲ್ಯಾಮೊಟ್ರಿಜಿನ್ ಉಪಯೋಗವಾದೀತು ಎಂಬ ಆಸೆಯಿಂದ ಅಲ್ಲಿ ನಡೆಸಿದ ಲೇಬೈಲ್ ಪ್ರಯೋಗದಲ್ಲಿ 276 ಜನರಿದ್ದರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ 52 ವಾರಗಳ ನಂತರ ಔಷಧದ ಗುಂಪಿನ ಝಾನ್-ಬಿಪಿಡಿ ಸರಾಸರಿ 11.3, ಪ್ಲಾಸಿಬೊ (ಔಷಧವಿಲ್ಲದ ಹುಸಿ ಮಾತ್ರೆ) ಗುಂಪಿನದು 11.5. ಎರಡೂ ಗುಂಪು ಸುಧಾರಿಸಿದ್ದವು. ಆ ಸುಧಾರಣೆಯಲ್ಲಿ ಔಷಧದ ಪಾಲು ಕಾಣಲಿಲ್ಲ. ಬಿಪಿಡಿಯಲ್ಲಿ ಹೊಸ ಚಿಕಿತ್ಸೆ ಪರೀಕ್ಷಿಸುವವರು ಈ ಎರಡು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಂಡೇ ಕೆಲಸ ಶುರುಮಾಡಬೇಕು.

ಜೋಡಿ ಎಲ್ಲಿಂದ ಬಂತು

ಇಂಟರ್ಮಿಟೆಂಟ್ ಥೀಟಾ ಬರ್ಸ್ಟ್, ಸಂಕ್ಷೇಪದಲ್ಲಿ ಐಟಿಬಿಎಸ್, ಕಾಂತೀಯ ಪ್ರಚೋದನೆಯ ಚುಟುಕು ವಿಧಾನ. 50 ಹರ್ಟ್ಸ್ ವೇಗದಲ್ಲಿ ಮೂರು ಮಿಡಿತಗಳ ಗೊಂಚಲು. ಅಂಥ ಗೊಂಚಲು ಸೆಕೆಂಡಿಗೆ ಐದು. ಎರಡು ಸೆಕೆಂಡು ಮಿಡಿತ, ಎಂಟು ಸೆಕೆಂಡು ಬಿಡುವು. ಹೀಗೆ ಇಪ್ಪತ್ತು ಸುತ್ತಿಗೆ 600 ಮಿಡಿತ, ಮೂರು ನಿಮಿಷ ಚಿಲ್ಲರೆ. ಖಿನ್ನತೆಯಲ್ಲಿ ಇದು ಸುಮಾರು 37 ನಿಮಿಷದ ಹಳೆಯ 10 ಹರ್ಟ್ಸ್ ವಿಧಾನಕ್ಕೆ ಕಡಿಮೆಯಿಲ್ಲ ಎಂದು ಕೆನಡಾದ 414 ರೋಗಿಗಳ ಪ್ರಯೋಗ 2018ರಲ್ಲಿ ತೋರಿಸಿತು.

ಮಿಡಿತ ನಿಂತ ಮೇಲೂ ಪರಿಣಾಮ ಉಳಿಯಬೇಕಾದರೆ ನರಕೋಶಗಳ ನಡುವಿನ ಬೆಸುಗೆ ಬದಲಾಗಬೇಕು. ಆ ಬದಲಾವಣೆಗೆ ಎನ್‌ಎಂಡಿಎ ಗ್ರಾಹಕ (ನರಕೋಶದ ಮೇಲೆ ಸಂಕೇತ ಹಿಡಿಯುವ ಒಂದು ಅಣು) ಬೇಕು. ಡಿ-ಸೈಕ್ಲೋಸೆರಿನ್ ಈ ಗ್ರಾಹಕದ ಗ್ಲೈಸಿನ್ ಜಾಗದಲ್ಲಿ ಕೂತು ಅದನ್ನು ಅರೆಬರೆ ಚುರುಕುಗೊಳಿಸುತ್ತದೆ. ನಮ್ಮಲ್ಲಿ ಇದರ ಗುರುತಿರುವುದು ಔಷಧ-ನಿರೋಧಕ ಕ್ಷಯದ ಮದ್ದಾಗಿ: 250 ಮಿ.ಗ್ರಾಂ. ಕ್ಯಾಪ್ಸೂಲ್, ದಿನಕ್ಕೆ ಎರಡೋ ಮೂರೋ. ಮಿದುಳಿನ ಕೆಲಸಕ್ಕೆ ಬೇಕಾದ್ದು 100 ಮಿ.ಗ್ರಾಂ. ಮಾತ್ರ. ಪ್ರಮಾಣ ಏರಿದರೆ ಪರಿಣಾಮ ತಿರುಗಿ, ಅದೇ ಔಷಧ ಗ್ರಾಹಕಕ್ಕೆ ತಡೆಯಾಗುತ್ತದೆ.

ಕೆನಡಾದ ಕ್ಯಾಲ್ಗರಿಯಲ್ಲಿ ಖಿನ್ನತೆಯ 50 ರೋಗಿಗಳ ಮೇಲೆ ಈ ಜೋಡಿಯನ್ನು ಪರೀಕ್ಷಿಸಿ 2022ರಲ್ಲಿ ವರದಿ ಮಾಡಿದರು. ಎಲ್ಲರಿಗೂ ನಾಲ್ಕು ವಾರ ಐಟಿಬಿಎಸ್. ಮೊದಲ ಎರಡು ವಾರ ಅರ್ಧ ಜನಕ್ಕೆ 100 ಮಿ.ಗ್ರಾಂ. ಡಿ-ಸೈಕ್ಲೋಸೆರಿನ್, ಉಳಿದರ್ಧಕ್ಕೆ ಪ್ಲಾಸಿಬೊ. ಔಷಧ ಸೇರಿದ ಗುಂಪಿನಲ್ಲಿ 73.9% ಜನ ಸ್ಪಂದಿಸಿದರು, ಪ್ಲಾಸಿಬೊ ಗುಂಪಿನಲ್ಲಿ 29.3%. ಖಿನ್ನತೆ ಪೂರ್ತಿ ಇಳಿದವರು 39.1% ಮತ್ತು 4.2%. ಒಂದೇ ಕೇಂದ್ರ, ಚಿಕ್ಕ ಗುಂಪು. ಆದರೂ ಅಂತರ ದೊಡ್ಡದು.

ಇದನ್ನು ಓದಿದವರು ಹಳೆಯ ಇನ್ನೊಂದು ಫಲಿತಾಂಶವನ್ನೂ ಓದಬೇಕು. 2007ರಲ್ಲಿ ಲಂಡನ್ನಿನ ಸಂಶೋಧಕರು ಆರೋಗ್ಯವಂತರ ಮಿದುಳಿನಲ್ಲಿ ಚಲನೆ ನಿಯಂತ್ರಿಸುವ ಹೊರಪದರದ ಮೇಲೆ ಇದೇ 100 ಮಿ.ಗ್ರಾಂ. ಮತ್ತು ಐಟಿಬಿಎಸ್ ಜೋಡಿಸಿದಾಗ ಚುರುಕಾಗಬೇಕಿದ್ದ ಸ್ಪಂದನ ಮಂಕಾಯಿತು. ಅದಕ್ಕೂ ಮುಂಚೆ, 2004ರಲ್ಲಿ, ಜರ್ಮನಿಯಲ್ಲಿ ನೇರ ವಿದ್ಯುತ್ ಪ್ರಚೋದನೆಯೊಂದಿಗೆ ಕೊಟ್ಟಾಗ ಚುರುಕು ಹೆಚ್ಚು ಹೊತ್ತು ಉಳಿದಿತ್ತು. ಅಂದರೆ ಈ ಔಷಧ ಪರಿಣಾಮವನ್ನು ಒಂದೇ ದಿಕ್ಕಿಗೆ ತಳ್ಳುವುದಿಲ್ಲ. ಮಿದುಳು ಆ ಹೊತ್ತಿಗೆ ಯಾವ ಸ್ಥಿತಿಯಲ್ಲಿದೆ, ಇನ್ಯಾವ ಔಷಧ ರಕ್ತದಲ್ಲಿದೆ ಎಂಬುದರ ಮೇಲೆ ದಿಕ್ಕು ನಿಲ್ಲುತ್ತದೆ. ಬಿಪಿಡಿಯಲ್ಲಿ ಇವೆರಡೂ ದಿನದಿಂದ ದಿನಕ್ಕೆ ಬದಲಾಗುವಂಥವು. ಈ ಪ್ರಕರಣದ ಕಷ್ಟವೆಲ್ಲ ಇರುವುದು ಇಲ್ಲೇ.

ಸೇರಿಸಿಕೊಳ್ಳುವ ಮುಂಚೆ

ಮೊದಲ ತೊಡಕು ಕ್ಲೊನಾಝೆಪಾಮ್. ಅದು ಸೇರಿದ ಬೆಂಜೊಡೈಯಜೆಪೈನ್ ಗುಂಪಿನ ಔಷಧ ತೆಗೆದುಕೊಳ್ಳುವವರಲ್ಲಿ ಟಿಎಂಎಸ್ ಫಲ ಕಡಿಮೆ ಎಂದು ಹಲವು ಅವಲೋಕನಗಳು ಹೇಳುತ್ತವೆ. ಹಾಗೆಂದು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯ. ಡಿ-ಸೈಕ್ಲೋಸೆರಿನ್ ಮತ್ತು ಕಾಂತೀಯ ಮಿಡಿತ ಎರಡೂ ಅದೇ ಅಪಾಯವನ್ನು ಸ್ವಲ್ಪ ಹೆಚ್ಚಿಸುವಂಥವು. ಇಲ್ಲಿ ಆರಿಸಿದ ದಾರಿ, ಎರಡು ವಾರಕ್ಕೆ 0.25 ಮಿ.ಗ್ರಾಂ. ಇಳಿಸುತ್ತ ಎಂಟು ವಾರದಲ್ಲಿ ನಿಲ್ಲಿಸುವುದು, ಆಮೇಲೆ ಎರಡು ವಾರ ಯಾವ ಬದಲಾವಣೆಯೂ ಇಲ್ಲದೆ ಕಾಯುವುದು. ಹತ್ತು ವಾರ ಕಾಯುವುದು ಪ್ರಯೋಗ ನಡೆಸುವವರಿಗೆ ಹಿಂಸೆ. ಎಷ್ಟೋ ಜನ ಈ ಹಂತದಲ್ಲೇ ಬಿಟ್ಟುಹೋಗುತ್ತಾರೆ. ಅವಸರ ಮಾಡಿದರೆ ಮಾತ್ರ ನಾಲ್ಕನೇ ವಾರದ ಅಂಕದಲ್ಲಿ ಕಂಡದ್ದು ಚಿಕಿತ್ಸೆಯ ಫಲವೋ ಮಾತ್ರೆ ಬಿಟ್ಟ ತಳಮಳವೋ ತಿಳಿಯುವುದಿಲ್ಲ.

ಲ್ಯಾಮೊಟ್ರಿಜಿನ್‌ದು ಇನ್ನೂ ಸೂಕ್ಷ್ಮ. ಅದು ನರಗಳ ಸೋಡಿಯಂ ದ್ವಾರಗಳನ್ನು ತಡೆಯುವುದರಿಂದ ಸ್ನಾಯು ಮಿಡಿಯಲು ಬೇಕಾದ ಕಾಂತೀಯ ಬಲ, ಅಂದರೆ ಮೋಟಾರ್ ಥ್ರೆಶೋಲ್ಡ್, ಏರುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ರಕ್ತದಲ್ಲಿನ ಲ್ಯಾಮೊಟ್ರಿಜಿನ್ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಆ ಮಾತ್ರೆ ಬಿಡುವ ಏಳು ದಿನಗಳಲ್ಲಿ ಅದು ಮತ್ತೆ ಏರುತ್ತದೆ. ಸೋಮವಾರ ಅಳೆದ ಥ್ರೆಶೋಲ್ಡ್ ಮುಂದಿನ ವಾರಕ್ಕೆ ಹೊಂದದೆ ಇರಬಹುದು. ಆದ್ದರಿಂದ ಈ ಯುವತಿಗೆ ಥ್ರೆಶೋಲ್ಡನ್ನು ಪ್ರತಿ ಸೋಮವಾರ ಮತ್ತೆ ಅಳೆಯಬೇಕು. ಗರ್ಭನಿರೋಧಕದ ಬಿಡುವಿನ ವಾರ ಯಾವುದೆಂದು ಕಡತದ ಮೊದಲ ಪುಟದಲ್ಲೇ ಬರೆದಿಡಬೇಕು. ಸ್ತ್ರೀರೋಗದ ವಿಷಯ ನಮಗೇಕೆ ಎಂದು ಬಿಟ್ಟರೆ ಮಿಡಿತದ ಬಲವೇ ತಪ್ಪಿಹೋಗುತ್ತದೆ.

ಮೂರನೆಯದು ಕ್ಷಯ. ಒಳಗೆ ಸಕ್ರಿಯ ಕ್ಷಯ ಇದ್ದವರಿಗೆ ಒಂದೇ ಕ್ಷಯದ ಔಷಧವನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ರೋಗಾಣು ಆ ಔಷಧಕ್ಕೆ ಒಗ್ಗಿಕೊಳ್ಳುವ ಭಯವಿದೆ. ಔಷಧ-ನಿರೋಧಕ ಕ್ಷಯದ ಚಿಕಿತ್ಸೆಯಲ್ಲಿ ಸೈಕ್ಲೋಸೆರಿನ್ ಬೆಲೆಬಾಳುವ ಮದ್ದು, ಅದನ್ನು ಹಾಳುಮಾಡುವ ಹಕ್ಕು ಯಾವ ಪ್ರಯೋಗಕ್ಕೂ ಇಲ್ಲ. ಕೆನಡಾದಲ್ಲಿ ಇದು ಸಣ್ಣ ಮಾತಾಗಿರಬಹುದು, ಭಾರತದಲ್ಲಿ ಅಲ್ಲ. ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು, ಜ್ವರ, ತೂಕ ಇಳಿತ, ರಾತ್ರಿ ಬೆವರು ಇವನ್ನು ಕೇಳಬೇಕು, ಎದೆಯ ಎಕ್ಸ್-ರೇ ತೆಗೆಸಬೇಕು, ಅನುಮಾನ ಬಂದರೆ ಕಫ ಪರೀಕ್ಷೆ. ಮುಗಿಯುವವರೆಗೆ ಕ್ಯಾಪ್ಸೂಲ್ ಇಲ್ಲ.

ಉಳಿದವು ರೂಢಿಯವೇ: ಕ್ರಿಯಾಟಿನಿನ್ (ಔಷಧ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುತ್ತದೆ), ಗರ್ಭ ಪರೀಕ್ಷೆ, ಫಿಟ್ಸ್ ಇತಿಹಾಸ, ತಲೆಯೊಳಗೆ ಲೋಹ, ಕಾಕ್ಲಿಯರ್ ಸಾಧನ, ಮದ್ಯ. ಮದ್ಯದ ಬಗ್ಗೆ ಒಂದೇ ಸಲ ಕೇಳಿ ಸುಮ್ಮನಾಗುವಂತಿಲ್ಲ, ವಾರವಾರವೂ ಕೇಳಬೇಕು. ಸೈಕ್ಲೋಸೆರಿನ್ ಜೊತೆ ಮದ್ಯ ಸೇರಿದರೆ ಫಿಟ್ಸ್ ಸಂಭವ ಹೆಚ್ಚು. ಸೈಕ್ಲೋಸೆರಿನ್ ಪೊಟ್ಟಣದ ಮಾಹಿತಿ ಪತ್ರದಲ್ಲಿ ಖಿನ್ನತೆ, ತೀವ್ರ ಆತಂಕ, ಮನೋವಿಕಾರ ಇರುವವರಿಗೆ ಕೊಡಬಾರದೆಂದು ಬರೆದಿದೆ. ಅದು ಕ್ಷಯಕ್ಕೆ ಕೊಡುವ ದೊಡ್ಡ ಪ್ರಮಾಣವನ್ನು ಇಟ್ಟುಕೊಂಡು ಬರೆದದ್ದು. ಆದರೂ ಒಪ್ಪಿಗೆ ಪತ್ರದಲ್ಲಿ ಆ ಸಾಲನ್ನು ಇದ್ದಹಾಗೇ ಕನ್ನಡದಲ್ಲಿ ಕೊಟ್ಟು, ಇಲ್ಲಿ ಏಕೆ ಕೊಡುತ್ತಿದ್ದೇವೆ ಎಂದು ವಿವರಿಸಬೇಕು. ಆಕೆ ಮನೆಗೆ ಹೋಗಿ ಮೊಬೈಲಿನಲ್ಲಿ ಔಷಧದ ಹೆಸರು ಹುಡುಕಿದಾಗ ಮೊದಲು ಕಾಣುವುದೇ ಆ ಸಾಲು. ಮುಚ್ಚಿಟ್ಟಿದ್ದರೆ ನಂಬಿಕೆ ಅಲ್ಲಿಗೇ ಮುಗಿಯಿತು, ಬಿಪಿಡಿಯಲ್ಲಿ ಮುರಿದ ನಂಬಿಕೆಯನ್ನು ಮತ್ತೆ ಕಟ್ಟುವುದು ಸುಲಭವಲ್ಲ. ನಮ್ಮಲ್ಲಿ ಇಂಥ ಪ್ರಯೋಗವನ್ನು ಮೊದಲ ವ್ಯಕ್ತಿ ಸೇರುವ ಮುಂಚೆಯೇ ಸಿಟಿಆರ್‌ಐನಲ್ಲಿ (ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಾಯಿಸಬೇಕು.

ಕ್ಯಾಪ್ಸೂಲ್

ಬೇಕಿರುವುದು 100 ಮಿ.ಗ್ರಾಂ., ಸಿಗುವುದು 250. ಔಷಧ ವಿಭಾಗದವರು ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನೆಲ್ಲ ತೂಗಿ, ಐದರಲ್ಲಿ ಎರಡು ಪಾಲನ್ನು ಹೊಸ ಅಪಾರದರ್ಶಕ ಕ್ಯಾಪ್ಸೂಲಿಗೆ ಹಾಕಿ, ಉಳಿದ ಜಾಗಕ್ಕೆ ಸೆಲ್ಯುಲೋಸ್ ಪುಡಿ ತುಂಬುತ್ತಾರೆ. ಪ್ಲಾಸಿಬೊದಲ್ಲಿ ಸೆಲ್ಯುಲೋಸ್ ಮಾತ್ರ. ಪುಡಿಯಲ್ಲಿ ಔಷಧವಲ್ಲದ ಪದಾರ್ಥವೂ ಬೆರೆತಿರುವುದರಿಂದ ಸುಮ್ಮನೆ 100 ಮಿ.ಗ್ರಾಂ. ಪುಡಿ ತೂಗಿದರೆ ಔಷಧ ಕಡಿಮೆ ಬೀಳುತ್ತದೆ. ಪಾಲಿನ ಲೆಕ್ಕವೇ ಸರಿ. ಸೈಕ್ಲೋಸೆರಿನ್ ಗಾಳಿಯ ತೇವ ಹೀರಿ ಕೆಡುವ ವಸ್ತು. ಮಂಗಳೂರಿನ ಮಳೆಗಾಲದಲ್ಲಿ ತೆರೆದ ಡಬ್ಬಿಯಲ್ಲಿಟ್ಟರೆ ಎರಡನೇ ವಾರ ಕೊಡುವುದು ಹೆಸರಿಗಷ್ಟೇ ಔಷಧ. ಬಿಗಿ ಮುಚ್ಚಳದ ಡಬ್ಬಿ, ಸಿಲಿಕಾ ಚೀಲ, ಸಣ್ಣ ಸಣ್ಣ ಕಂತುಗಳಲ್ಲಿ ತಯಾರಿ, ಪ್ರತಿ ಕಂತಿನಿಂದ ಒಂದೆರಡು ಕ್ಯಾಪ್ಸೂಲಿನ ಔಷಧಾಂಶದ ಪರೀಕ್ಷೆ. ಒಬ್ಬರಿಗೆ ಹತ್ತು ದಿನದ ಹತ್ತು, ಮೀಸಲು ಎರಡು.

ಎರಡೇ ವಾರ ಏಕೆ? ಈ ಔಷಧವನ್ನು ದಿನವೂ ಕೊಡುತ್ತ ಹೋದರೆ ಗ್ರಾಹಕ ಒಗ್ಗಿಕೊಂಡು ಚುರುಕು ಮಾಯವಾಗುತ್ತದೆ ಎಂದು ಪ್ರಾಣಿಗಳ ಪ್ರಯೋಗಗಳಲ್ಲಿ ಕಂಡಿದೆ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕ್ಯಾಪ್ಸೂಲನ್ನು ಕೇಂದ್ರದಲ್ಲೇ, ನರ್ಸ್ ಎದುರು, ಪ್ರಚೋದನೆಗೆ 90 ನಿಮಿಷ ಮುಂಚೆ ನುಂಗಿಸುವುದು. ಮನೆಯಲ್ಲಿ ನುಂಗಿ ಬನ್ನಿ ಎಂದರೆ ಬಸ್ಸು ತಡವಾದ ದಿನ 90 ನಿಮಿಷ ಮೂರು ಗಂಟೆಯಾಗುತ್ತದೆ. ಎಣ್ಣೆ-ತುಪ್ಪದ ತಿಂಡಿ ಔಷಧ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ. ಹಾಗೆಂದು ಖಾಲಿ ಹೊಟ್ಟೆಯಲ್ಲಿ, ನಿದ್ದೆಗೆಟ್ಟು ಕಾಯಿಲ್ (ಮಿಡಿತ ಕೊಡಲು ತಲೆಯ ಮೇಲಿಡುವ ತಂತಿಸುರುಳಿ) ಕೆಳಗೆ ಕೂರುವುದೂ ಸಲ್ಲ, ತಲೆ ಸುತ್ತಿ ಬೀಳುವವರುಂಟು. ಎರಡು ಇಡ್ಲಿ ಸಾಕು. ಬೆಣ್ಣೆ ದೋಸೆ ಪ್ರಚೋದನೆಯ ನಂತರ.

ಕಾಯಿಲ್

ಎಡ ಹಣೆಯ ಮೇಲಿನ ಪ್ರಿಫ್ರಾಂಟಲ್ ಭಾಗವನ್ನು ಗುರುತಿಸಲು ಎಂಆರ್‌ಐ ನಕ್ಷೆ ಇಲ್ಲದ ಕಡೆ ಬೀಮ್ ವಿಧಾನ: ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ತಲೆಯ ಸುತ್ತಳತೆ. ಮೂರನ್ನೂ ಲೆಕ್ಕಕ್ಕೆ ಹಾಕಿದರೆ ಆ ಭಾಗದ ಮೇಲಿರುವ ಎಫ್-3 ಬಿಂದು ಸಿಗುತ್ತದೆ. ಹಳೆಯ ಐದು ಸೆಂಟಿಮೀಟರ್ ನಿಯಮ ಎಲ್ಲ ತಲೆಗೂ ಒಂದೇ ಅಳತೆ ಎಂದುಕೊಳ್ಳುವುದರಿಂದ ಅದನ್ನು ಬಿಡುವುದು ಲೇಸು.

ಇಲ್ಲಿ ಕೈಗೆ ಸಿಗುವ ತೊಂದರೆಗಳೇ ಹೆಚ್ಚು. ತಲೆಗೆ ಎಣ್ಣೆ ಹಚ್ಚಿ ಬಂದರೆ ಅಳತೆಯ ಟೋಪಿ ಜಾರುತ್ತದೆ, ಗುರುತಿನ ಶಾಯಿ ಅಳಿಯುತ್ತದೆ. ದಟ್ಟ ಕೂದಲನ್ನು ಎತ್ತಿ ಗಂಟು ಹಾಕಿದ್ದರೆ ಕಾಯಿಲ್ ನೆತ್ತಿಯಿಂದ ಮೇಲೆದ್ದು ನಿಲ್ಲುತ್ತದೆ. ಒಂದು ಸೆಂಟಿಮೀಟರ್ ಅಂತರಕ್ಕೇ ಬಲ ಗಣನೀಯವಾಗಿ ಕುಗ್ಗುತ್ತದೆ. ಹೇರ್‌ಪಿನ್, ಓಲೆ, ಮೂಗುತಿ ತೆಗೆಯಬೇಕು. ತಾಳಿ ತೆಗೆಯಲು ಮನಸ್ಸಿಲ್ಲದವರಿಗೆ ಅದನ್ನು ಕಾಯಿಲ್‌ನಿಂದ ದೂರ, ಬಟ್ಟೆಯೊಳಗೆ ಇಟ್ಟುಕೊಳ್ಳಲು ಹೇಳಿದರೆ ಸಾಕಾಗುತ್ತದೆ. ಎರಡೂ ಕಿವಿಗೆ ಇಯರ್‌ಪ್ಲಗ್ ಕಡ್ಡಾಯ, ತಂತ್ರಜ್ಞರಿಗೂ.

ಬಲಗೈ ಹೆಬ್ಬೆರಳಿನ ಸ್ನಾಯುವಿಗೆ ವಿದ್ಯುದ್ವಾರ ಅಂಟಿಸಿ, ಹತ್ತು ಮಿಡಿತದಲ್ಲಿ ಐದಕ್ಕಾದರೂ 50 ಮೈಕ್ರೋವೋಲ್ಟ್ ಸ್ಪಂದನ ಬರುವ ಕನಿಷ್ಠ ಬಲವೇ ಥ್ರೆಶೋಲ್ಡ್. ಈಕೆಯದು ಯಂತ್ರದ ಗರಿಷ್ಠ ಬಲದ 52%. ಚಿಕಿತ್ಸೆ 120% ಥ್ರೆಶೋಲ್ಡ್‌ನಲ್ಲಿ, ಅಂದರೆ ಯಂತ್ರದ ಮೇಲೆ 62. ಮೊದಲ ದಿನವೇ ಅಲ್ಲಿಗೆ ಹಾರಿದರೆ ಹಣೆ, ಕಣ್ಣಿನ ಸ್ನಾಯುಗಳು ಸೆಳೆದು ನೋವಾಗುತ್ತದೆ. ಮೊದಲ ದಿನ 52, ಎರಡನೇ ದಿನ 57, ಮೂರನೇ ದಿನದಿಂದ 62. ನೋವಿಗೆ ಹೆದರಿದವರಿಗೆ ಕಾಯಿಲ್‌ನ ಕೋನವನ್ನು ಕೆಲವು ಡಿಗ್ರಿ ತಿರುಗಿಸಿದರೂ ಎಷ್ಟೋ ಸಮಾಧಾನ. ತಿರುಗಿಸಿದ ಕೋನ ಬರೆದಿಡಬೇಕು.

ಫಿಟ್ಸ್ ಬಹಳ ಅಪರೂಪ. ಬಂದರೆ ಕಾಯಿಲ್ ತೆಗೆದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ, ಬಾಯಿಗೆ ಏನನ್ನೂ ತುರುಕದೆ ಕಾಯುವುದು. ಐದು ನಿಮಿಷ ದಾಟಿದರೆ ಮಿಡಾಝೋಲಾಮ್ ಅಥವಾ ಲೊರಾಝೆಪಾಮ್. ಆಮ್ಲಜನಕ, ಸಕ್ಷನ್ ಯಂತ್ರ ಅದೇ ಕೋಣೆಯಲ್ಲಿರಬೇಕು, ಪಕ್ಕದ ವಾರ್ಡಿನಲ್ಲಲ್ಲ.

ಆರನೇ ದಿನ

ಎರಡನೇ ವಾರದ ಸೋಮವಾರ. ಆಕೆ ಬಂದಾಗ ಕಣ್ಣು ಕೆಂಪಗಿದೆ. ಹಿಂದಿನ ರಾತ್ರಿ ಗೆಳೆಯನೊಡನೆ ಜಗಳ, ಬೆಳಿಗ್ಗೆಯಿಂದ ಅವನು ಫೋನ್ ಎತ್ತುತ್ತಿಲ್ಲ. ಸಂಕಟ ಎಷ್ಟೆಂದು ಹತ್ತರಲ್ಲಿ ಅಂಕ ಕೇಳಿದರೆ ಒಂಬತ್ತು ಎನ್ನುತ್ತಾಳೆ. ಕ್ಯಾಪ್ಸೂಲ್ ಕೊಡಬೇಕೆ?

ಇದೇ ಔಷಧವನ್ನು ಭಯದ ಕಾಯಿಲೆಗಳ ಎಕ್ಸ್‌ಪೋಷರ್ ಚಿಕಿತ್ಸೆಯ (ಭಯಪಡುವುದನ್ನೇ ಹಂತಹಂತವಾಗಿ ಎದುರಿಸುವ ಅಭ್ಯಾಸ) ಜೊತೆ ಪರೀಕ್ಷಿಸಿದವರು ಉತ್ತರದ ಅರ್ಧವನ್ನು ಕಂಡುಕೊಂಡಿದ್ದಾರೆ. ಎತ್ತರದ ಭಯದ ಮೇಲೆ 2004ರಲ್ಲಿ ಬಂದ ಮೊದಲ ಫಲಿತಾಂಶ ಉತ್ಸಾಹ ಹುಟ್ಟಿಸಿತ್ತು. ಮುಂದೆ ಹೆಚ್ಚು ಜನರಲ್ಲಿ ನೋಡಿದಾಗ ಲಾಭ ಚಿಕ್ಕದಾಯಿತು. ಒಂದು ಕಾರಣ ಹೀಗೆ ಕಂಡಿತು: ಭಯ ಇಳಿದು ಮುಗಿದ ಕಲಾಪದಲ್ಲಿ ಔಷಧ ಆ ಇಳಿತವನ್ನು ಗಟ್ಟಿ ಮಾಡುತ್ತದೆ, ಭಯ ಇಳಿಯದೆ ಮುಗಿದರೆ ಭಯವನ್ನೇ ಗಟ್ಟಿ ಮಾಡಬಹುದು. ಆ ಹೊತ್ತಿನಲ್ಲಿ ಮಿದುಳು ಏನನ್ನು ಕಲಿಯುತ್ತಿದೆಯೋ ಅದಕ್ಕೆ ಔಷಧ ಒತ್ತು ಕೊಡುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು ಹತ್ತು ಗಂಟೆ, ಕಾಯಿಲ್ ಕೆಳಗಿನ ಮೂರು ನಿಮಿಷವಷ್ಟೇ ಅಲ್ಲ. ಮಧ್ಯಾಹ್ನದ ಜಗಳ, ಸಂಜೆಯ ಒಂಟಿತನ ಎಲ್ಲವೂ ಔಷಧ ಒಳಗಿರುವಾಗಲೇ ನಡೆಯುತ್ತವೆ.

ಹಾಗಾಗಿ ನಿಯಮವನ್ನು ಮುಂಚೆಯೇ ಬರೆದಿಡಬೇಕು. ಸಂಕಟದ ಅಂಕ ಎಂಟು ಅಥವಾ ಹೆಚ್ಚು, ಇಲ್ಲವೇ ಹೊಸದಾಗಿ ತನ್ನನ್ನು ನೋಯಿಸಿಕೊಂಡಿದ್ದರೆ, ಕ್ಯಾಪ್ಸೂಲಿಗೆ ಮೊದಲು ಮನೋವೈದ್ಯರು ನೋಡುವುದು. ಅರ್ಧ ಗಂಟೆಯ ಮಾತಿನ ನಂತರವೂ ಅಂಕ ಇಳಿಯದಿದ್ದರೆ ಅಂದು ಕ್ಯಾಪ್ಸೂಲ್ ಇಲ್ಲ, ಪ್ರಚೋದನೆಯೂ ಇಲ್ಲ. ದಿನವನ್ನು ಕೊನೆಗೆ ಸೇರಿಸುವುದು. ಇದು ಶಿಕ್ಷೆಯಲ್ಲ ಎಂದು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ 'ನನ್ನನ್ನು ಇವರೂ ಕೈಬಿಟ್ಟರು' ಎಂದೇ ಆಕೆಗೆ ಕೇಳಿಸುತ್ತದೆ. ಮರುದಿನದ ಸಮಯವನ್ನು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟು, ಮನೆಗೆ ಹೋಗುವ ಮುಂಚೆ ಸುರಕ್ಷತಾ ಯೋಜನೆಯನ್ನು ಒಟ್ಟಿಗೆ ಓದಿ, ರಾತ್ರಿ ಬೇಕಾದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ ಎಂದು ನೆನಪಿಸುವುದು. ತಪ್ಪಿದ ದಿನಗಳು ಮೂರು ದಾಟಿದರೆ ಔಷಧದ ಹಂತ ಅಲ್ಲಿಗೆ ಮುಗಿದಂತೆ, ಆದರೆ ಅಂಕ ತೆಗೆದುಕೊಳ್ಳುವುದು ನಿಲ್ಲುವುದಿಲ್ಲ.

ಕಾಯುವ 90 ನಿಮಿಷವೂ ಚಿಕಿತ್ಸೆಯ ಭಾಗವೇ. ಹೊರರೋಗಿ ವಿಭಾಗದ ಗದ್ದಲದಲ್ಲಿ ಕೂರಿಸಿ, ಆಕೆ ಫೋನಿನಲ್ಲಿ ಬಂದ ಸಂದೇಶಗಳನ್ನು ಮತ್ತೆ ಮತ್ತೆ ಓದುತ್ತ ಇದ್ದರೆ, ಔಷಧ ಏರುವ ಹೊತ್ತಿಗೆ ಮಿದುಳು ಅಭ್ಯಾಸ ಮಾಡುತ್ತಿರುವುದು ಅದನ್ನೇ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಡಿಬಿಟಿಯ (ಡೈಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆ) ಒಂದು ಕೌಶಲ, ಉದಾಹರಣೆಗೆ ಉಸಿರಿನ ಅಭ್ಯಾಸ ಅಥವಾ ಸಂಕಟ ಸಹಿಸುವ ಅಭ್ಯಾಸ, ಎಲ್ಲರಿಗೂ ಒಂದೇ ಪಠ್ಯದಂತೆ ಮಾಡಿಸಬೇಕು. ಬಿಪಿಡಿಗೆ ಗಟ್ಟಿ ಆಧಾರವಿರುವುದು ಮಾತಿನ ಚಿಕಿತ್ಸೆಗೇ. ಔಷಧವೂ ಮಿಡಿತವೂ ಅದಕ್ಕೆ ನೆಲ ಹದ ಮಾಡಿದರೆ ದೊಡ್ಡದು.

ಅಳತೆಯಲ್ಲಿ ತಪ್ಪುವುದು

ಕ್ಯಾಲ್ಗರಿಯ ಎರಡು ಗುಂಪಿನ ವಿನ್ಯಾಸವನ್ನು ಹಾಗೇ ಎತ್ತಿ ಬಿಪಿಡಿಗೆ ತರುವಂತಿಲ್ಲ. ಖಿನ್ನತೆಯಲ್ಲಿ ಐಟಿಬಿಎಸ್ ಕೆಲಸ ಮಾಡುತ್ತದೆಂದು ಮೊದಲೇ ಗೊತ್ತಿತ್ತು, ಔಷಧ ಅದಕ್ಕೆ ಎಷ್ಟು ಸೇರಿಸುತ್ತದೆ ಎಂಬ ಪ್ರಶ್ನೆಯೊಂದೇ ಉಳಿದಿತ್ತು. ಬಿಪಿಡಿಯ ಮೂಲ ಲಕ್ಷಣಗಳ ಮೇಲೆ ಐಟಿಬಿಎಸ್ ಫಲವೇ ಇನ್ನೂ ಸ್ಥಾಪಿತವಾಗಿಲ್ಲ. ನಾಲ್ಕು ಗುಂಪು ಬೇಕು: ನಿಜ ಮಿಡಿತ ಮತ್ತು ಔಷಧ, ನಿಜ ಮಿಡಿತ ಮತ್ತು ಪ್ಲಾಸಿಬೊ, ಹುಸಿ ಮಿಡಿತ ಮತ್ತು ಔಷಧ, ಎರಡೂ ಹುಸಿ. ಹುಸಿ ಕಾಯಿಲ್ ಅದೇ ಟಕಟಕ ಸದ್ದು ಮಾಡಬೇಕು, ನೆತ್ತಿಯ ಮೇಲೆ ಚುರುಕನ್ನೂ ಕೊಡಬೇಕು. ಮೊದಲ ವಾರದ ಕೊನೆಗೆ 'ನಿಮಗೆ ಯಾವುದು ಸಿಕ್ಕಿದೆ ಎನಿಸುತ್ತದೆ' ಎಂದು ಆಕೆಯನ್ನೂ ತಂತ್ರಜ್ಞರನ್ನೂ ಕೇಳಿ ಬರೆದಿಡಬೇಕು. ಗುಣ ಕಂಡ ಮೇಲೆ ಕೇಳಿದರೆ ಉತ್ತರ ಗುಣದ ಮೇಲೆಯೇ ನಿಲ್ಲುತ್ತದೆ.

ನಾಲ್ಕನೇ ವಾರಕ್ಕೆ ಈಕೆಯ ಮ್ಯಾಡ್ರಸ್ 27ರಿಂದ 14ಕ್ಕೆ, ಝಾನ್-ಬಿಪಿಡಿ 19ರಿಂದ 13ಕ್ಕೆ ಇಳಿದಿದೆ ಎಂದುಕೊಳ್ಳೋಣ. ಬಿಪಿಡಿಗೆ ಫಲ ಸಿಕ್ಕಿತು ಎನ್ನುವ ಆತುರ ಬೇಡ. ಖಿನ್ನತೆ ಇಳಿದಾಗ ಖಾಲಿತನ, ಸಿಟ್ಟಿನ ಅಂಕಗಳೂ ತಾವಾಗಿ ಇಳಿಯುತ್ತವೆ. ಝಾನ್-ಬಿಪಿಡಿಯ ಒಂಬತ್ತು ಅಂಶಗಳನ್ನು ಬಿಡಿಸಿ ನೋಡಿದರೆ, ಇಲ್ಲಿ ಭಾವನೆಯ ಅಂಶಗಳು ಇಳಿದಿವೆ. ಕೈಬಿಡುವ ಭಯ ಮತ್ತು ಸಂಬಂಧಗಳ ಏರುಪೇರು ಇದ್ದಲ್ಲೇ ಇವೆ. ಮಾಪಕ ಕೇಳುವುದು ವಾರವೊಂದರ ಸರಾಸರಿಯನ್ನು, ಬಿಪಿಡಿಯಲ್ಲಿ ಮನಸ್ಸು ತಿರುಗುವುದು ಗಂಟೆಗಳಲ್ಲಿ. ಚಿಕಿತ್ಸೆಗೆ ಮುಂಚೆ ಏಳು ದಿನ, ನಂತರ ಏಳು ದಿನ, ದಿನಕ್ಕೆ ಐದು ಸಲ ಮೊಬೈಲಿನಲ್ಲಿ ಒಂದೇ ಪ್ರಶ್ನೆ ಕೇಳಿ ಏರಿಳಿತದ ಅಗಲವನ್ನು ನೋಡುವುದು ಹೆಚ್ಚು ನಂಬಬಹುದಾದ ಅಳತೆ.

ಜೊತೆಗೆ ಲೇಬೈಲ್ ಕಲಿಸಿದ ಪಾಠ: ಇಪ್ಪತ್ತು ದಿನ ಒಂದೇ ಸಮಯಕ್ಕೆ, ಒಬ್ಬರೇ ತಂತ್ರಜ್ಞರು, ಹೆಸರು ಹಿಡಿದು ಮಾತಾಡಿಸಿ, ರಾತ್ರಿ ನಿದ್ದೆ ಬಂತೇ ಎಂದು ಕೇಳುತ್ತಾರೆ. ಈ ಯುವತಿಯ ಬದುಕಿನಲ್ಲಿ ಅಷ್ಟು ಸ್ಥಿರವಾದ ಸಂಬಂಧ ಹಿಂದೆ ಇಲ್ಲದೇ ಇರಬಹುದು. ಅದೂ ಗುಣ ಮಾಡುತ್ತದೆ, ಅದು ಎಲ್ಲ ಗುಂಪಿಗೂ ಸಮವಾಗಿ ಸಿಗಬೇಕು.

ಮುಗಿಸುವ ಬಗೆ

ಖಿನ್ನತೆಯ ಪ್ರಯೋಗದಲ್ಲಿ ಇಪ್ಪತ್ತನೇ ದಿನ ಕೊನೆಯ ದಿನ. ಇಲ್ಲಿ ಹಾಗೆ ಕತ್ತರಿಸಿದರೆ ಇಪ್ಪತ್ತೊಂದನೇ ದಿನವೇ ಬಿಕ್ಕಟ್ಟು ಬರಬಹುದು. ಅದನ್ನು ಔಷಧದ ಅಡ್ಡಪರಿಣಾಮವೆಂದು ದಾಖಲಿಸಿದರೆ ಪ್ರಯೋಗದ ಲೆಕ್ಕವೂ ಕೆಡುತ್ತದೆ. ಮುಗಿಯುವ ದಿನಾಂಕವನ್ನು ಮೊದಲ ದಿನವೇ ಕ್ಯಾಲೆಂಡರಿನಲ್ಲಿ ತೋರಿಸಬೇಕು. ಮೂರನೇ ವಾರದಿಂದ ಅದನ್ನು ಕುರಿತು ಮಾತು ಶುರುವಾಗಬೇಕು. ಐದನೇ ವಾರ ಎರಡು ಭೇಟಿ, ಆರನೇ ವಾರ ಒಂದು. ಮಿಡಿತ ಇಲ್ಲ, ಅದೇ ಕೋಣೆ, ಅದೇ ತಂತ್ರಜ್ಞರು, ಹದಿನೈದು ನಿಮಿಷ. ಈ ಭೇಟಿಗಳ ಖರ್ಚನ್ನು ಅನುದಾನದ ಅರ್ಜಿಯಲ್ಲೇ ಸೇರಿಸಿರಬೇಕು, ಆಮೇಲೆ ಯಾರೂ ಕೊಡುವುದಿಲ್ಲ.

ಹನ್ನೆರಡನೇ ವಾರ ಮ್ಯಾಡ್ರಸ್ 17, ಝಾನ್-ಬಿಪಿಡಿ 15. ಸ್ವಲ್ಪ ಜಾರಿದೆ, ಪೂರ್ತಿ ಹಿಂದಕ್ಕೆ ಹೋಗಿಲ್ಲ. ಕ್ಲೊನಾಝೆಪಾಮ್ ಮತ್ತೆ ಶುರುವಾಗಿದೆಯೇ ಎಂದು ಆ ದಿನ ಕೇಳಲೇಬೇಕು. ಹತ್ತಿರದ ಮೆಡಿಕಲ್ ಶಾಪಿನಿಂದ ಹಳೆಯ ಚೀಟಿ ತೋರಿಸಿ ತಂದಿರುವ ಸಾಧ್ಯತೆ ಇದ್ದೇ ಇದೆ. ಆಕೆ ಯಾವ ಗುಂಪಿನಲ್ಲಿದ್ದಳೆಂಬ ಗುಟ್ಟನ್ನು ಎಲ್ಲರ ಹನ್ನೆರಡನೇ ವಾರ ಮುಗಿಯುವವರೆಗೆ ತೆರೆಯುವುದಿಲ್ಲ. ತೆರೆದ ದಿನ ಮೊದಲು ತಿಳಿಸಬೇಕಾದ್ದು ಆಕೆಗೆ, ಪತ್ರದಲ್ಲಲ್ಲ, ಎದುರು ಕೂರಿಸಿಕೊಂಡು, ಮುಂದಿನ ಡಿಬಿಟಿ ಗುಂಪಿನ ದಿನಾಂಕವನ್ನು ಕೈಯಲ್ಲಿ ಹಿಡಿದು.